ಹರಾಜು ಕಟ್ಟೆಗೊಂದು ಕಂಪ್ಯೂಟರ್

ಮನೆಯ ಮುಂದಿನ ಕೋಣೆ,
ಬುಧವಾರ, ಫೆಬ್ರವರಿ ೧೯, ಮಧ್ಯಾಹ್ನ

ಪ್ರೀತಿಯ ರೀ,

ನಗಬೇಡಿ. ಮದುವೆಯಾದಂದಿನಿಂದ ನಿಮ್ಮನ್ನು ಕರೆದದ್ದೇ ಹೀಗೆ. ಈಗ ಕಾಗದದಲ್ಲಿ ಹೊಸದಾಗಿ ಏನಾದರೂ ಬರೆಯಲು ಹೋದರೆ ಬೇರೆ ಯಾರ ಗಂಡನಿಗೋ ಬರೆದ ಹಾಗಾಗುತ್ತದೆ. ಹೇಗಿದ್ದೀರಿ? ಕತ್ತಿನ ಗಾಯ ಪೂರ್ತಿ ಮಾಗಿತೇ? ಉಸಿರಾಡುವ ತೂತಿನ ಮೇಲೆ ಆ ತೆಳುಬಟ್ಟೆಯನ್ನು ಇಡೀ ದಿನ ಕಟ್ಟಿಕೊಳ್ಳುತ್ತೀರೋ, ಇಲ್ಲ ನರ್ಸ್ ಬರುವಾಗ ಕಟ್ಟಿಕೊಂಡು ಆಕೆ ಆಚೆ ಹೋದ ಕೂಡಲೇ ದಿಂಬಿನ ಕೆಳಗೆ ತುರುಕುತ್ತೀರೋ? ನಿಮ್ಮ ಬುದ್ಧಿ ನನಗೆ ಗೊತ್ತಿಲ್ಲದ್ದಲ್ಲ. ಊಟ ಸೇರುತ್ತಿದೆಯೇ? ರಾತ್ರಿ ಕೆಮ್ಮು ಬರುತ್ತಿದ್ದರೆ ಮುಚ್ಚಿಡದೆ ಡಾಕ್ಟರಿಗೆ ಬರೆದು ತೋರಿಸಿ. ಬಾಯಲ್ಲಿ ಹೇಳಲು ಆಗದಿದ್ದವರು ಕೈಯಲ್ಲಿ ಸುಳ್ಳು ಬರೆಯಬೇಕೆಂದು ಎಲ್ಲೂ ಕಾನೂನಿಲ್ಲ. ಇಲ್ಲಿ ನಾನು, ಮಗಳು ಇಬ್ಬರೂ ಚೆನ್ನಾಗಿದ್ದೇವೆ. ನನ್ನ ಮೊಣಕಾಲು ಮಾಮೂಲಿನಂತೆ ಮೆಟ್ಟಿಲು ಕಂಡಾಗ ಗೊಣಗುತ್ತದೆ, ಹತ್ತಿ ಮುಗಿಸಿದ ಮೇಲೆ ಸುಮ್ಮನಾಗುತ್ತದೆ.

ನಿಮ್ಮ ಕಾಗದ ಸೋಮವಾರ ಬಂತು. ಇಷ್ಟು ದಿನ ಕಾಯಿಸಿ ಕಾಯಿಸಿ ನಾಲ್ಕೇ ಸಾಲು. ಡಾಕ್ಟರು ಮನೆಗೆ ಹೊರಡಬಹುದು ಎಂದಿದ್ದಾರೆ, ನಾನು ಅಣ್ಣನ ಮನೆಗೆ ಹೋಗುತ್ತೇನೆ, ಅಲ್ಲಿ ಗಲಾಟೆ ಇಲ್ಲ, ಹರಾಜು ಹಾಲ್‌ನ ಯಜಮಾನರಿಗೆ ಹೇಳಿ ಕಟ್ಟೆಗೆ ಬೇರೆಯವರನ್ನು ಮಾಡಿಸು, ಇನ್ನು ನನ್ನಿಂದ ಆಗದು. ಓದಿದೆ. ಮಡಿಸಿಟ್ಟೆ. ಯಜಮಾನರಿಗೆ ಹೇಳಲಿಲ್ಲ. ಹೇಳುವುದೂ ಇಲ್ಲ. ನಿಮ್ಮ ಅಣ್ಣನವರು ದೇವರಂಥ ಮನುಷ್ಯ, ನಾಲ್ಕು ದಿನ ಇದ್ದು ಬನ್ನಿ ಎಂದರೆ ನಾನೇ ಬಸ್ಸಿಗೆ ಹತ್ತಿಸುತ್ತೇನೆ. ಆದರೆ ಅವರ ಹಿತ್ತಲಿನಲ್ಲಿ ಕುರ್ಚಿ ಹಾಕಿಕೊಂಡು ಉಳಿದ ಆಯುಷ್ಯವೆಲ್ಲ ಗೋಡೆ ನೋಡುತ್ತ ಕೂರುತ್ತೇನೆಂದರೆ ಅದಕ್ಕೆ ನನ್ನ ಒಪ್ಪಿಗೆ ಇಲ್ಲ. ಡಾಕ್ಟರು ಆ ಕೆಟ್ಟ ಗಡ್ಡೆಯ ಜೊತೆ ನಿಮ್ಮ ಧ್ವನಿಪೆಟ್ಟಿಗೆಯನ್ನು ತೆಗೆದಿದ್ದಾರೆ. ತಲೆಯನ್ನು ತೆಗೆದಿಲ್ಲ. ಹರಾಜು ಕೂಗುವುದು ಗಂಟಲಿನ ಕೆಲಸ ಅಂತ ನೀವು ಇಷ್ಟು ವರ್ಷ ತಿಳಿದಿದ್ದರೆ ನಿಮ್ಮ ಕೆಲಸ ನಿಮಗಿಂತ ನನಗೇ ಚೆನ್ನಾಗಿ ಅರ್ಥವಾಗಿದೆ ಎಂದಾಯಿತು. ನೀವು ಕಟ್ಟೆಯ ಮೇಲೆ ನಿಂತು ಹಳೆಯ ಬೀರು, ಕನ್ನಡಿ, ಗಡಿಯಾರಗಳನ್ನು ಮಾರುತ್ತಿದ್ದಾಗ ನಾನು ಅದೇ ಕಟ್ಟೆಯ ಹಿಂದೆ ಕೂತು ಮಾರಾಟವಾದದ್ದನ್ನೆಲ್ಲ ಹುಲ್ಲು, ರದ್ದಿ ಕಾಗದ ಹಾಕಿ ಡಬ್ಬಕ್ಕೆ ಕಟ್ಟಿದವಳು. ನಿಮ್ಮ ಮುಖ ಜನ ನೋಡಿದ್ದಾರೆ, ನಿಮ್ಮ ಬೆನ್ನು ನಾನು ನೋಡಿದ್ದೇನೆ. ಯಾರ ಮೇಲೆ ಯಾವ ಮಾತು ಎಸೆಯಬೇಕೆಂದು ನಿಮ್ಮ ಹೆಗಲು ಮೊದಲೇ ಹೇಳುತ್ತಿತ್ತು.

ಈಗ ಕಟ್ಟೆಯ ಸಮಾಚಾರ ಕೇಳಿ. ಯಜಮಾನರು ಬದಲಿಗೆ ಒಬ್ಬರನ್ನು ನಿಲ್ಲಿಸಿದ್ದಾರೆ. ಬಲು ಮರ್ಯಾದಸ್ಥ. ಕೈ ಎತ್ತಿದವರಿಗೆಲ್ಲ ಒಬ್ಬೊಬ್ಬರಿಗೂ ವಂದನೆ ಹೇಳುತ್ತಾನೆ. ಅವನ ವಂದನೆ ಮುಗಿಯುವಷ್ಟರಲ್ಲಿ ಕೊಳ್ಳುವವರಿಗೆ ಮನೆಯ ನೆನಪಾಗುತ್ತದೆ, ಹೆಂಡತಿಯ ನೆನಪಾಗುತ್ತದೆ, ಇದನ್ನು ಒಯ್ದು ಎಲ್ಲಿ ಇಡುವುದು ಎಂಬ ಯೋಚನೆಯೂ ಬರುತ್ತದೆ. ನೀವೇ ಹೇಳುತ್ತಿದ್ದಿರಲ್ಲ, ಒಬ್ಬ ಕೈ ಎತ್ತಿದ ಮೇಲೆ ಕಟ್ಟೆಯಿಂದ ಮಾತು ಬೀಳುವುದು ಒಂದು ಉಸಿರು ತಡವಾದರೆ ಎದುರಾಳಿ ಯೋಚಿಸಲು ಶುರುಮಾಡುತ್ತಾನೆ, ಯೋಚಿಸಿದವನು ಕೈ ಎತ್ತುವುದಿಲ್ಲ ಅಂತ. ಹೋದ ವಾರ ಆ ದೊಡ್ಡ ಅಂಡಾಕಾರದ ಊಟದ ಮೇಜು ಹಾಗೇ ಸತ್ತುಹೋಯಿತು. ಗೋದಾಮಿಗೆ ವಾಪಸು ಹೊರುವಾಗ ಹಮಾಲರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಯಾರೂ ನಿಮ್ಮ ಹೆಸರು ಎತ್ತಲಿಲ್ಲ. ಯಜಮಾನರು ಮಾತ್ರ ಆಮೇಲೆ ಬಂದು, 'ಬರೋ ತಿಂಗಳ ಮೊದಲನೇ ಹರಾಜಿನವರೆಗೆ ಕಾಯ್ತೀನಿ ಕಣಮ್ಮ, ಆಮೇಲೆ ಒಬ್ಬರನ್ನ ಖಾಯಂ ಮಾಡಲೇಬೇಕು' ಎಂದರು. ತಪ್ಪಿಲ್ಲ, ಅವರಿಗೂ ಅಂಗಡಿ ನಡೆಯಬೇಕು. ಹಾಗಾಗಿ ನಮ್ಮ ಕೈಯಲ್ಲಿ ಉಳಿದಿರುವುದು ಅಷ್ಟೇ ಸಮಯ, ಹಿಂದಿನ ವಾರಗಳನ್ನೂ ನಾನು ಅಳುತ್ತ ಕೂತು ಕಳೆಯಲಿಲ್ಲ.

ಆಸ್ಪತ್ರೆಯವರು ಕೊಟ್ಟ ಆ ಗುಂಯ್‌ಗುಡುವ ಕೊಳವೆಯ ಮಾತು ನಾನು ಎತ್ತುವುದಿಲ್ಲ. ಅದನ್ನು ಕತ್ತಿಗೆ ಒತ್ತಿ ಮಾತಾಡಿಸಿದ ದಿನ ನಿಮ್ಮ ಮುಖ ನೋಡಿದ ಮೇಲೆ ಅದನ್ನು ಡ್ರಾಯರಿನಲ್ಲಿ ಹಾಕಿದ್ದೇ ಸರಿ ಅನಿಸಿತು. ಮಗಳು ಬೇರೊಂದು ದಾರಿ ಹುಡುಕಿದಳು. ಅವಳು ಕೆಲಸ ಮಾಡುವ ಕಿವಿಯ ಚಿಕಿತ್ಸಾಲಯದಲ್ಲಿ, ಹಳೆಯ ಧ್ವನಿಮುದ್ರಣ ಕೊಟ್ಟರೆ ಆ ಮನುಷ್ಯನ ದನಿಯಲ್ಲೇ ಟೈಪ್ ಮಾಡಿದ್ದನ್ನು ಓದುವ ಒಂದು ಪ್ರೋಗ್ರಾಂ ಇದೆಯಂತೆ. ನಮ್ಮ ಹಾಲ್‌ನಲ್ಲಿ ಹರಾಜುಗಳ ಧ್ವನಿಯನ್ನೆಲ್ಲ ಮುದ್ರಿಸಿಟ್ಟಿರುತ್ತಾರೆ, ಗೊತ್ತಲ್ಲ, ಜಗಳ ಬಂದರೆ ಇರಲಿ ಅಂತ. ಯಜಮಾನರು ಆ ರಾಶಿಯನ್ನೆಲ್ಲ ಒಂದು ಮಾತೂ ಕೇಳದೆ ಕೊಟ್ಟರು. ನಾನು ಮೊದಲು ಸುಲಭದ ಬುದ್ಧಿ ಓಡಿಸಿದ್ದೆ. ಒಂದು ಸಾರಿ, ಎರಡು ಸಾರಿ, ಮೂರು ಸಾರಿ ಎನ್ನುವುದನ್ನು ಮುದ್ರಿಸಿ ಮೊಬೈಲಿನಲ್ಲಿಟ್ಟು ಒತ್ತಿದರಾಗದೇ ಅಂದೆ. ಮಗಳು ನಕ್ಕಳು. 'ಅಮ್ಮಾ, ಅಪ್ಪ ಅಷ್ಟೇ ಹೇಳ್ತಿದ್ರಾ?' ಅವಳು ಹೇಳಿದ್ದು ಸರಿ. ಅಣ್ಣಾ ಕೈ ಎತ್ತಿದ್ರೋ ಬೆನ್ನು ತುರಿಸಿಕೊಂಡ್ರೋ ಅಂತ ನೀವು ಕೇಳುತ್ತಿದ್ದದ್ದು ಅವತ್ತು ಬೆನ್ನು ತುರಿಸಿಕೊಂಡವನಿಗೆ ಮಾತ್ರ. ಅದನ್ನು ಮೊದಲೇ ಮುದ್ರಿಸಿಡಲು ಬರುವುದಿಲ್ಲ. ಆ ಗಳಿಗೆಗೆ ಹುಟ್ಟಬೇಕು, ಆ ಗಳಿಗೆಯಲ್ಲೇ ಬೀಳಬೇಕು.

ತೊಂದರೆ ಬಂದದ್ದು ಆ ಗಳಿಗೆಯಲ್ಲೇ. ಮನೆಯ ಹಳೆಯ ಕಂಪ್ಯೂಟರಿನಲ್ಲಿ ಪ್ರೋಗ್ರಾಂ ಹಾಕಿ ನಾನೊಂದು ಸಾಲು ಟೈಪ್ ಮಾಡಿದೆ. ಏನೂ ಇಲ್ಲ. ಫ್ಯಾನ್ ಬುಸುಗುಟ್ಟಿತು. ನಾನು ಲೋಟದ ನೀರು ಕುಡಿದು ಕೆಳಗಿಟ್ಟ ಮೇಲೆ ದನಿ ಹೊರಟಿತು. ಅಷ್ಟರಲ್ಲಿ ಆ ಊಟದ ಮೇಜಿನಂಥವು ಮೂರು ಸತ್ತು ಮಣ್ಣಾಗಿರುತ್ತಿದ್ದವು. ಅಂದಹಾಗೆ ಪರೀಕ್ಷೆಗೆಲ್ಲ ನಾವು ಹಾಕಿಕೊಂಡಿದ್ದು ನನ್ನ ದನಿ. ಹರಾಜಿನ ಸಾಮಾನುಗಳ ಹಳೆಯ ಲಾಟ್ ಪಟ್ಟಿಗಳನ್ನು ಗಟ್ಟಿಯಾಗಿ ಓದಿ ಓದಿ ನಾನೇ ಮುದ್ರಿಸಿ ಕೊಟ್ಟೆ. ಮಗಳು ಯಾಕಮ್ಮಾ ಎಂದಾಗ, ನಿಮ್ಮಪ್ಪನ ದನಿ ಪರೀಕ್ಷೆಯಲ್ಲೇ ಸವೆದುಹೋದರೆ ಹಾಲ್‌ಗೆ ಏನು ಒಯ್ಯೋದು ಎಂದು ಬಾಯಿ ಮುಚ್ಚಿಸಿದೆ. ಇಂಟರ್ನೆಟ್ಟಿನ ಮೂಲಕ ಯಾವುದೋ ದೊಡ್ಡ ಕಂಪನಿಯ ಯಂತ್ರಕ್ಕೆ ಕಳಿಸಿ ದನಿ ತರಿಸಿಕೊಳ್ಳಬಹುದು ಎಂದಳು. ಮೊದಲನೆಯದಾಗಿ ಹಾಲ್‌ನ ತಗಡಿನ ಸೂರಿನಡಿ ಒಂದು ಫೋನ್ ಕರೆಯೇ ನೆಟ್ಟಗೆ ನಿಲ್ಲುವುದಿಲ್ಲ. ಎರಡನೆಯದಾಗಿ, ನಿಮ್ಮ ದನಿಯನ್ನು ಗುರುತು ಪರಿಚಯವಿಲ್ಲದವರ ಮನೆಗೆ ಕಳಿಸಿ ಬಾಡಿಗೆಗೆ ವಾಪಸು ತರುವುದು ನನಗೆ ಒಗ್ಗಲಿಲ್ಲ. ನಮ್ಮ ಕಟ್ಟೆಯ ಮೇಲೆ ನಮ್ಮದೇ ಯಂತ್ರ ಇರಬೇಕು, ಕೈ ಎತ್ತಿದ ಕೂಡಲೇ ಮಾತು ಬೀಳುವಷ್ಟು ಅದು ಓಡಬೇಕು. ಓಡದಿದ್ದರೆ ಓಡಿಸಬೇಕು.

ಹೀಗೆ ನಾನು ಓವರ್‌ಕ್ಲಾಕಿಂಗ್ ಎನ್ನುವುದಕ್ಕೆ ಕಾಲಿಟ್ಟೆ. ಹೆದರಬೇಡಿ. ಕಾರ್ಖಾನೆಯವರು ಇಷ್ಟು ವೇಗದಲ್ಲಿ ಓಡು ಎಂದು ಹೇಳಿ ಕಳಿಸಿದ ಪ್ರೊಸೆಸರನ್ನು ಅದಕ್ಕಿಂತ ಜೋರಾಗಿ ಓಡಿಸುವುದು, ಅಷ್ಟೇ. ಹುಡುಗರು ಆಟಕ್ಕೆ ಮಾಡುತ್ತಾರಂತೆ, ನಾನು ಹೊಟ್ಟೆಪಾಡಿಗೆ ಮಾಡಿದೆ. ನಿಲ್ದಾಣದ ಹಿಂದಿನ ಬೀದಿಯಲ್ಲಿ ಕಂಪ್ಯೂಟರ್ ಬಿಡಿಭಾಗಗಳ ಒಂದು ಅಂಗಡಿ ಇದೆ. ಒಡೆಯ ಒಂದು ಕನ್ನಡಕ ಕಣ್ಣಿಗೆ, ಇನ್ನೊಂದು ಹಣೆಗೆ ಹಾಕಿಕೊಂಡಿರುತ್ತಾನೆ, ಅದಕ್ಕೇ ನಾವು ಅವನಿಗೆ ಡಬಲ್ ಕನ್ನಡಕ ಎಂದು ಹೆಸರಿಟ್ಟೆವು. ಒಳ್ಳೆಯ ಮನುಷ್ಯ, ಮಾತು ಜಾಸ್ತಿ. ಎಲ್ಲ ಪ್ರೊಸೆಸರನ್ನೂ ಹೀಗೆ ಓಡಿಸಲು ಬರುವುದಿಲ್ಲ, ವೇಗಕ್ಕೆ ಬೀಗ ಹಾಕದೆ ಕಳಿಸಿದ ಜಾತಿಯೇ ಬೇರೆ, ಅದು ಕೂರುವ ಬೋರ್ಡೂ ಅದಕ್ಕೆ ಒಪ್ಪಬೇಕು ಎಂದು ಅವನೇ ತಿಳಿಸಿ ಹೇಳಿದ. ಮದರ್‌ಬೋರ್ಡ್ ಎಂದರೆ ಉಳಿದ ಭಾಗಗಳೆಲ್ಲ ಕೂರುವ ದೊಡ್ಡ ಹಲಗೆ ಅಂತ ಇಟ್ಟುಕೊಳ್ಳಿ. ಅವನು ಮೊದಲು ತೋರಿಸಿದ್ದು ಬಣ್ಣಬಣ್ಣದ ದೀಪ ಮಿನುಗುವ ಒಂದು ಬೋರ್ಡು. ನಾನು ಅದನ್ನು ಮಗುಚಿ ಬೆನ್ನು ನೋಡಿದೆ. 'ಎಲ್ಲಾರೂ ಮುಂದೆ ನೋಡ್ತಾರೆ, ನೀವ್ಯಾಕಮ್ಮ ಹಿಂದೆ ನೋಡ್ತೀರಿ' ಅಂದ. ಬೀರು, ಕುರ್ಚಿಗಳನ್ನು ಮಗುಚಿ ನೋಡಿಯೇ ನನ್ನ ಕೂದಲು ಬೆಳ್ಳಗಾದದ್ದು ಅವನಿಗೇನು ಗೊತ್ತು.

ಪ್ರೊಸೆಸರ್ ಕೂರುವ ಚೌಕದ ಸುತ್ತ ಅದಕ್ಕೆ ಕರೆಂಟನ್ನು ಹದಮಾಡಿ ಕೊಡುವ ಸಣ್ಣ ಸಣ್ಣ ಭಾಗಗಳು ಸಾಲಾಗಿರುತ್ತವೆ. ವೇಗ ಹೆಚ್ಚಿಸಿದರೆ ಮೊದಲು ಬಿಸಿಯಾಗುವುದು ಅವೇ. ಅವುಗಳ ಮೇಲೆ ಶಾಖ ಎಳೆದುಕೊಳ್ಳುವ ಲೋಹದ ದಿಮ್ಮಿ ಇರಬೇಕು. ದೀಪದ ಬೋರ್ಡಿನಲ್ಲಿ ಆ ದಿಮ್ಮಿ ನೋಡಲು ಠೀವಿಯಾಗಿತ್ತು, ಬೆರಳಲ್ಲಿ ಅಲ್ಲಾಡಿಸಿದರೆ ಅಲ್ಲಾಡಿತು. ಹಿಂದಿನಿಂದ ಪ್ಲಾಸ್ಟಿಕ್ ಗೂಟ ಸಿಕ್ಕಿಸಿದ್ದರು. ಪಕ್ಕದಲ್ಲಿ ಇನ್ನೊಂದು ಬೋರ್ಡು ಇತ್ತು, ದೀಪ ಇಲ್ಲ, ಬಣ್ಣ ಇಲ್ಲ, ಹೆಣ್ಣು ನೋಡಲು ಬಂದವರು ಎರಡನೇ ಸಲ ತಿರುಗಿ ನೋಡದಂಥ ಮುಖ. ದಿಮ್ಮಿ ದಪ್ಪಗಿತ್ತು, ಸ್ಕ್ರೂ ಹಾಕಿ ಬಿಗಿದಿದ್ದರು, ಕರೆಂಟಿನ ಆ ಭಾಗಗಳೂ ಒತ್ತೊತ್ತಾಗಿ ಹೆಚ್ಚು ಇದ್ದವು. ಅದನ್ನೇ ಕೊಡಿ ಎಂದೆ. ಡಬಲ್ ಕನ್ನಡಕ ಒಳ್ಳೇ ಆಯ್ಕೆ ಎಂದು ತಲೆದೂಗಿ, ತಕ್ಷಣವೇ ದೀಪದ ಫ್ಯಾನುಗಳನ್ನಾದರೂ ತಗೊಳ್ಳಿ ಎಂದು ಬೆನ್ನು ಹತ್ತಿದ. ಪವರ್ ಸಪ್ಲೈಯಲ್ಲಿ ಮಾತ್ರ ಜಿಪುಣತನ ಮಾಡಬೇಡಿ, ಅದು ಕೆಟ್ಟರೆ ಒಂಟಿಯಾಗಿ ಹೋಗೋದಿಲ್ಲ, ಜೊತೆಗಾರರನ್ನೆಲ್ಲ ಕರ್ಕೊಂಡು ಹೋಗುತ್ತೆ ಎಂದದ್ದನ್ನು ನಾನು ಕಣ್ಣು ಮುಚ್ಚಿ ಒಪ್ಪಿದೆ. ದುಡ್ಡಿನ ಮಾತು ನೀವು ಕೇಳಬೇಡಿ, ನಾನು ಹೇಳುವುದಿಲ್ಲ. ಯಾರ ಮುಂದೆಯೂ ಕೈ ಚಾಚಿಲ್ಲ, ಅಷ್ಟು ಸಾಕು.

ತಂಪು ಮಾಡುವ ಯಂತ್ರದ ವಿಷಯದಲ್ಲಿ ನನಗೂ ಮಗಳಿಗೂ ಜಗಳವೇ ಆಯಿತು. ಅವಳಿಗೆ ಕೊಳವೆಯಲ್ಲಿ ನೀರು ಹರಿಯುವ ಥರದ್ದು ಬೇಕಿತ್ತು. ತಳ್ಳುಗಾಡಿಯ ಮೇಲೆ ಗೋದಾಮಿಗೂ ಕಟ್ಟೆಗೂ ವಾರವಾರ ಓಡಾಡುವ ಕಂಪ್ಯೂಟರ್ ಪೆಟ್ಟಿಗೆಯೊಳಗೆ ನೀರು ಇಡುವುದಕ್ಕೆ ನಾನು ಸುತಾರಾಂ ಒಪ್ಪಲಿಲ್ಲ. ಗಾಳಿಯಲ್ಲೇ ತಣಿಯುವ ದೊಡ್ಡದನ್ನು ತಂದೆವು. ಎಷ್ಟು ದೊಡ್ಡದೆಂದರೆ ಮಗುವಿನ ತಲೆಯಷ್ಟಿದೆ, ತೂಕವೂ ಹಾಗೇ. ಪೆಟ್ಟಿಗೆಯನ್ನು ಎಲ್ಲರಂತೆ ನಿಲ್ಲಿಸಿ ಇಟ್ಟರೆ ಆ ಭಾರವೆಲ್ಲ ಬೋರ್ಡಿನ ಎದೆಯಿಂದ ಅಡ್ಡಕ್ಕೆ ಜೋತಾಡುತ್ತದೆ, ಗಾಡಿ ಹೊಸ್ತಿಲು ದಾಟುವಾಗ ಒಂದು ಕುಲುಕು ಸಾಕು. ನಾನು ಪೆಟ್ಟಿಗೆಯನ್ನೇ ಮಲಗಿಸಿದೆ. ಈಗ ಬೋರ್ಡು ನೆಲಕ್ಕೆ ಸಮವಾಗಿದೆ, ಭಾರ ನೆಟ್ಟಗೆ ನಿಂತಿದೆ, ಅಡಿಗೆ ಹಳೆಯ ಕಂಬಳಿ ಮಡಿಸಿ ಹಾಕಿದ್ದೇನೆ. ಗಾಳಿ ಹೋಗುವ ಕಿಂಡಿಗಳಿಗೆ ತೆಳುವಾದ ಜಾಲರಿ ಕಟ್ಟಿದೆವು, ಹಾಲ್‌ನ ಧೂಳು ನಿಮಗೆ ಗೊತ್ತೇ ಇದೆ. ಮಗಳು ಎರಡು ದಿನ ಮುಖ ಊದಿಸಿಕೊಂಡಿದ್ದಳು. ಮೂಗು ಥೇಟ್ ನಿಮ್ಮದು, ಹಟವೂ ಅದೇ ಮೂಗಿನಿಂದ ಇಳಿದು ಬಂದದ್ದು.

ಇಷ್ಟೆಲ್ಲ ಜಾಣತನ ಮೆರೆದವಳು ಎಲ್ಲಿ ಎಡವಿದೆ ಎಂದು ಹೇಳಿದರೆ ನೀವು ಹೊಟ್ಟೆ ಹಿಡಿದುಕೊಂಡು ನಗುತ್ತೀರಿ, ಗಾಯಕ್ಕೆ ನೋವಾಗದಂತೆ ನಿಧಾನಕ್ಕೆ ನಗಿ. ಬೋರ್ಡಿನ ಮೇಲೆ ಮೆಮೊರಿಯ ಪಟ್ಟಿಗಳನ್ನು ಚುಚ್ಚಲು ನಾಲ್ಕು ಸೀಳು ಇದ್ದವು. ಮಗಳು ಎರಡು ಪಟ್ಟಿ ತಂದು ಒಂದು ಬಿಟ್ಟು ಒಂದರಲ್ಲಿ ಚುಚ್ಚಿದಳು. ಎರಡು ಸೀಳು ಖಾಲಿ. ನನ್ನ ಕಣ್ಣಿಗೆ ಅದು ಹೇಗೆ ಕಂಡಿತೆಂದು ನಿಮಗೆ ಬಿಡಿಸಿ ಹೇಳಬೇಕೇ? ಡಬ್ಬದಲ್ಲಿ ಖಾಲಿ ಜಾಗ ಬಿಟ್ಟರೆ ಒಳಗಿನ ಗಾಜು ಒಂದಕ್ಕೊಂದು ತಾಗಿ ಪುಡಿಯಾಗುತ್ತದೆ, ಸಿಕ್ಕಿದ ಸಂದಿಗೆಲ್ಲ ಏನಾದರೂ ತುರುಕು ಎಂದೇ ನಾನು ಕಲಿತದ್ದು, ಹೊಸಬರಿಗೆ ಕಲಿಸಿದ್ದು. ಅವಳು ಕೆಲಸಕ್ಕೆ ಹೋದಾಗ ನಾನೇ ಅಂಗಡಿಗೆ ಹೋಗಿ ಇನ್ನೆರಡು ಪಟ್ಟಿ ತಂದು ತುಂಬಿಬಿಟ್ಟೆ. ನೋಡಲು ಎಷ್ಟು ಚೆಂದ ಇತ್ತು ಅಂತೀರಿ. ಅವತ್ತಿನಿಂದ ಯಂತ್ರಕ್ಕೆ ಗ್ರಹಚಾರ ಹಿಡಿಯಿತು. ಪಟ್ಟಿಯ ಮೇಲೆ ಬರೆದ ವೇಗ ಕೊಟ್ಟರೆ ಏಳುವುದೇ ಇಲ್ಲ, ಪರದೆ ಕಪ್ಪಗೆ ಕೂತಿರುತ್ತದೆ. ಸ್ವಲ್ಪ ಇಳಿಸಿದರೆ ಎದ್ದು, ಮಾತಿನ ನಡುವೆ ಅರ್ಧ ಶಬ್ದದಲ್ಲಿ ನಿಂತುಬಿಡುತ್ತದೆ. ತೀರ ಇಳಿಸಿದರೆ ಸರಿಯಾಗಿ ಓಡುತ್ತದೆ, ದನಿ ಮತ್ತೆ ನೀರು ಕುಡಿದಿಟ್ಟ ಮೇಲೇ ಬರುತ್ತದೆ. ನಾವು ಬೋರ್ಡನ್ನು ಬೈದೆವು, ಕರೆಂಟನ್ನು ಬೈದೆವು, ಒಂದು ದಿನ ಸುಮ್ಮನೆ ನಿಂತಿದ್ದ ಫ್ಯಾನನ್ನೂ ಬೈದೆವು.

ಕೊನೆಗೆ ಪೆಟ್ಟಿಗೆಯನ್ನು ಗಾಡಿಯ ಮೇಲೆ ಹೇರಿಕೊಂಡು ಅಂಗಡಿಗೆ ಹೋದೆವು. ಡಬಲ್ ಕನ್ನಡಕ ಮುಚ್ಚಳ ತೆಗೆದು ನೋಡಿ ನಕ್ಕ ನಗುವಿಗೆ ಹಣೆಯ ಕನ್ನಡಕ ಕಣ್ಣಿನ ಕನ್ನಡಕದ ಮೇಲೆ ಬಿತ್ತು. ನಾಲ್ಕೂ ತುಂಬಿದರೆ ಅಷ್ಟನ್ನೂ ಒಂದೇ ತಾಳಕ್ಕೆ ಹಿಡಿದು ಓಡಿಸುವುದು ಇಂಥ ಬೋರ್ಡಿಗೆ ಕಷ್ಟವಂತೆ, ವೇಗ ಬೇಕೆಂದರೆ ಎರಡೇ ಇರಬೇಕಂತೆ. 'ಜಾಗ ಇದೆ ಅಂತ ತುಂಬಬಾರದಮ್ಮ, ಇದು ನಿಮ್ಮ ಡಬ್ಬ ಅಲ್ಲ' ಎಂದ. ನಮ್ಮ ಪ್ರೋಗ್ರಾಮಿಗೆ ಅದೇ ಮೆಮೊರಿಯ ವೇಗವೇ ಜೀವಾಳವಂತೆ. ಪ್ರೊಸೆಸರ್ ಎಷ್ಟೇ ಚುರುಕಾಗಿದ್ದರೂ ಮೆಮೊರಿ ಬೇಕಾದ್ದನ್ನು ಹಿಂದೆಹಿಂದೆಯೇ ಎತ್ತಿ ಕೊಡದಿದ್ದರೆ ಅದು ಕೈಕಟ್ಟಿ ಕಾಯುತ್ತದೆ. ಅದು ನನಗೆ ತಕ್ಷಣ ತಲೆಗೆ ಹೋಯಿತು. ಹಮಾಲರು ಮುಂದಿನ ಲಾಟ್ ತಂದಿಡುವುದು ತಡವಾದರೆ ಕಟ್ಟೆಯ ಮೇಲೆ ನೀವು ಹಲ್ಲು ಕಡಿಯುತ್ತ ನಿಲ್ಲುತ್ತಿದ್ದಿರಲ್ಲ, ಹಾಗೆ. ನಾನು ತಂದದ್ದನ್ನು ಅವನು ವಾಪಸು ತೆಗೆದುಕೊಂಡ. ಉಳಿದ ಎರಡಕ್ಕೆ ಬರೆದ ವೇಗ ಕೊಟ್ಟ ಕೂಡಲೇ ಯಂತ್ರ ಹೂ ಎತ್ತಿದ ಹಾಗೆ ಎದ್ದಿತು. ಖಾಲಿ ಸೀಳು ಕಂಡರೆ ನನ್ನ ಕೈ ಈಗಲೂ ತುರಿಸುತ್ತದೆ. ಮಗಳು ಪೆಟ್ಟಿಗೆಯ ಒಳಗೆ ಚೀಟಿ ಅಂಟಿಸಿದ್ದಾಳೆ, ಖಾಲಿ ಇರಲಿ, ಅಮ್ಮನಿಗೆ ಎಚ್ಚರಿಕೆ ಅಂತ.

ಆಮೇಲೆ ಪ್ರೊಸೆಸರ್ ವೇಗ. ಅದನ್ನು ಒಂದೇ ಸಲ ಏರಿಸುವಂತಿಲ್ಲ. ಒಂದು ಮೆಟ್ಟಿಲು ಏರಿಸಿ, ಗಂಟೆಗಟ್ಟಲೆ ಲೆಕ್ಕದ ಕೆಲಸ ಕೊಟ್ಟು ದಣಿಸಿ, ಬಿಸಿ ಎಷ್ಟಾಯಿತೆಂದು ನೋಡಿ, ಬೆವರದಿದ್ದರೆ ಮುಂದಿನ ಮೆಟ್ಟಿಲು. ಕೆಲವು ಕಡೆ ಕರೆಂಟು ಒಂದು ಚೂರು ಹೆಚ್ಚಿಗೆ ಕೇಳುತ್ತದೆ, ಕೊಟ್ಟರೆ ಬಿಸಿ ಇನ್ನಷ್ಟು. ಒಮ್ಮೆ ಅತಿಯಾಸೆ ಮಾಡಿ ಮೇಲೆ ಹೋದಾಗ ಪೂರ್ತಿ ಮುಷ್ಕರ ಹೂಡಿತು, ಬೋರ್ಡಿನ ಮೇಲಿನ ನಾಣ್ಯದಂಥ ಬ್ಯಾಟರಿ ಕಿತ್ತು ಮತ್ತೆ ಹಾಕಿ, ಎಲ್ಲ ಮರೆಸಿ, ಮೊದಲಿನಿಂದ ಶುರುಮಾಡಿದೆವು. ಮನೆಯಲ್ಲಿ ಕೊನೆಗೆ ಒಂದು ಎತ್ತರದಲ್ಲಿ ನಿಂತಿತು. ಮಗಳು ಕುಣಿದಾಡಿದಳು. ನಾನು ಮಾತ್ರ ಹಾಲ್‌ನಲ್ಲಿ ನೋಡದೆ ಒಪ್ಪುವುದಿಲ್ಲ ಎಂದೆ. ಮಧ್ಯಾಹ್ನದ ಬಿಸಿಲಿಗೆ ತಗಡು ಕಾದಾಗ ಒಯ್ದು ಕಟ್ಟೆಯ ಮೇಲಿಟ್ಟೆವು. ಊಹಿಸಿದಂತೆ ಅರ್ಧ ಗಂಟೆಗೆ ನಿಂತುಹೋಯಿತು. ಮಗಳ ಕಣ್ಣಲ್ಲಿ ನೀರು. ನಾನು ಅಲ್ಲೇ ಕೂತು ಎರಡು ಮೆಟ್ಟಿಲು ಇಳಿಸಿದೆ. ಸ್ವಲ್ಪ ಕಡಿಮೆ ಓಡಿದರೂ ಪರವಾಗಿಲ್ಲ, ಜನರ ಮುಂದೆ ನಿಮ್ಮ ಮಾತು ಅರ್ಧಕ್ಕೆ ನಿಲ್ಲಬಾರದು. ಅದೊಂದು ಅವಮಾನ ನಿಮಗೆ ಆಗಲು ನಾನು ಬಿಡುವುದಿಲ್ಲ. ಇಳಿಸಿದ ಮೇಲೆ ಸಂಜೆ ಬಾಗಿಲು ಹಾಕುವವರೆಗೂ ಒಂದೇ ಸಮ ಓಡಿತು.

ನಿನ್ನೆ ಹರಾಜು ಮುಗಿದ ಮೇಲೆ ಯಜಮಾನರನ್ನು, ಹಮಾಲರನ್ನು, ಖಾಯಂ ಕೊಳ್ಳುವ ನಾಲ್ಕಾರು ಜನರನ್ನು ನಿಲ್ಲಿಸಿಕೊಂಡು ಸುಳ್ಳು ಹರಾಜು ಹೂಡಿದೆ. ಲಾಟ್ ಏನು ಗೊತ್ತೇ, ಆ ಬದಲಿಯವನು ಕೂರುವ ಸ್ಟೂಲು. ನಾನು ಟೈಪ್ ಮಾಡಿದೆ, ನನ್ನ ದನಿ ಸ್ಪೀಕರಿನಿಂದ ಹೊರಟಿತು. ಮೊದಲ ಕೂಗಿಗೆ ಎತ್ತಿದ ಕೈಗಳೆಲ್ಲ ಇಳಿದವು, ಬೈಸಿಕೊಂಡ ಹಾಗಾಯ್ತು ಎಂದರು ಹಮಾಲರು. ಎಲ್ಲರೂ ನಕ್ಕರು. ಆಮೇಲೆ ಬಿಸಿಯೇರಿತು. ಒಬ್ಬ ಕೈ ಎತ್ತಿದ, ನಾನು ಎರಡಕ್ಷರ ಒತ್ತಿದೆ, ಮಾತು ಬಿತ್ತು, ಇನ್ನೊಂದು ಕೈ ಎದ್ದಿತು. ಮತ್ತೆ ಒತ್ತಿದೆ, ಮತ್ತೆ ಕೈ. ಯಾರಿಗೂ ಯೋಚಿಸಲು ಪುರಸೊತ್ತಿರಲಿಲ್ಲ. ಸುಳ್ಳು ಹರಾಜೆಂದು ಗೊತ್ತಿದ್ದ ಯಜಮಾನರೇ ತಮ್ಮದೇ ಸ್ಟೂಲಿಗೆ ಕೈ ಎತ್ತಿ, ಆಮೇಲೆ ನಾಚಿಕೊಂಡು ಇಳಿಸಿದರು. ನಿಮ್ಮ ಮಾಮೂಲಿ ಮಾತುಗಳಿಗೆಲ್ಲ ಎರಡೆರಡು ಅಕ್ಷರದ ಗುರುತು ಮಾಡಿದ್ದೇವೆ, ಒತ್ತಿದರೆ ಸಾಕು. ಆ ಹೊತ್ತಿಗೆ ಹುಟ್ಟುವ ಕೊಂಕುಗಳನ್ನು ಮಾತ್ರ ನೀವೇ ಟೈಪ್ ಮಾಡಬೇಕು. ಇಷ್ಟು ವರ್ಷ ಲಾಟ್ ಪಟ್ಟಿಗಳನ್ನು ಕೀಲಿಮಣೆ ನೋಡದೆ ಟೈಪ್ ಮಾಡಿದ ನಿಮ್ಮ ಬೆರಳುಗಳಿಗೆ ಅದೇನು ದೊಡ್ಡದಲ್ಲ. ನನಗೆ ಬಾರದ್ದು ಆ ಕೊಂಕೊಂದೇ. ನಾನು ಹೊಡೆದ ಕೊಂಕಿಗೆ ಯಾರೂ ನಗಲಿಲ್ಲ ಕಣ್ರೀ. ಯಂತ್ರ ತಡಮಾಡಲಿಲ್ಲ, ನಾನೇ ಏನು ಹೇಳಲಿ ಎಂದು ಕೂತುಬಿಟ್ಟೆ. ವೇಗ ನಾನು ತಂದಿದ್ದೇನೆ. ತಲೆ ನಿಮ್ಮದೇ ಬೇಕು, ಅದು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಹಾಗಾಗಿ ಅಣ್ಣನವರಿಗೆ ನಾನೇ ಬರೆದಿದ್ದೇನೆ, ಈ ಸಲ ನಿಮ್ಮ ತಮ್ಮ ಬರುವುದಿಲ್ಲ, ಬೇಸಿಗೆಯಲ್ಲಿ ಇಬ್ಬರೂ ಬಂದು ನಾಲ್ಕು ದಿನ ನಿಮ್ಮ ತಲೆ ತಿನ್ನುತ್ತೇವೆ ಎಂದು. ನೀವು ಕೋಪಿಸಿಕೊಂಡರೂ ಆಯಿತು, ಕಾಗದ ಟಪಾಲಿಗೆ ಬಿದ್ದಾಗಿದೆ. ಹೊಸ ದನಿಯಲ್ಲಿ ಕೂಗಿ ನೋಡಿ, ನಿಮಗೇ ಅಸಹ್ಯವಾದರೆ, ಇದು ನಾನಲ್ಲ ಅನಿಸಿದರೆ, ಆಗ ಕಟ್ಟೆ ಇಳಿಯಿರಿ, ನಾನು ಒಂದು ಮಾತೂ ಆಡುವುದಿಲ್ಲ. ನೋಡದೆಯೇ ಇಳಿಯುತ್ತೇನೆ ಎಂದರೆ ಮಾತ್ರ ಅದು ನನ್ನ ಹತ್ತಿರ ನಡೆಯದು. ಭಾನುವಾರ ಬೆಳಗಿನ ಬಸ್ಸಿಗೆ ಬನ್ನಿ, ನಿಲ್ದಾಣದಲ್ಲಿ ಗಾಡಿ ಹಿಡಿದು ನಾನೇ ನಿಂತಿರುತ್ತೇನೆ. ಬಟ್ಟೆ ಕಟ್ಟಿಕೊಂಡು ಬನ್ನಿ, ದಾರಿಯಲ್ಲಿ ಧೂಳು. ಆ ನರ್ಸಮ್ಮನಿಗೆ ನನ್ನ ನಮಸ್ಕಾರ ತಿಳಿಸಿ, ನಿಮ್ಮಂಥವರನ್ನು ಇಷ್ಟು ದಿನ ಸಹಿಸಿದ್ದಕ್ಕೆ. ಮಗಳು ಅಪ್ಪನ ಕಾಲಿಗೆ ಬಿದ್ದಳೆಂದು ಬರೆಯಲು ಹೇಳಿದಳು, ಬೀಳಲಿಲ್ಲ, ಕುರ್ಚಿಯಲ್ಲಿ ಕಾಲು ಚಾಚಿಕೊಂಡೇ ಹೇಳಿದಳು. ಮೈ ನೋಡಿಕೊಳ್ಳಿ.

ಇಂತಿ,
ಕಟ್ಟೆಯ ಹಿಂದೆ ಕೂರುವ
ನಿಮ್ಮವಳು

ಮರೆತಿದ್ದೆ: ಟಪಾಲು ಡಬ್ಬದ ಪಕ್ಕ ನಿಂತು ಲಕೋಟೆ ಬಿಚ್ಚಿ ಇದನ್ನು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಕ್ಷಮಿಸಿ. ನಿಮ್ಮ ದನಿ ತಯಾರಾಗಿ ಮೂರು ವಾರವಾಯಿತು. ಯಂತ್ರದಲ್ಲೇ ಇದೆ, ಒಂದು ಗುಂಡಿ ಒತ್ತಿದರೆ ಕೇಳುತ್ತದೆ. ಸವೆದುಹೋಗುತ್ತದೆ ಎಂದು ಮಗಳಿಗೆ ಹೇಳಿದ್ದು ಬರೀ ತಮಾಷೆ. ನಾನು ಒತ್ತಲಿಲ್ಲ, ಅವಳಿಗೂ ಒತ್ತಲು ಬಿಡಲಿಲ್ಲ. ಆಸೆ ಇರಲಿಲ್ಲ ಎಂದಲ್ಲ. ಮನೆಯಲ್ಲಿ ಒಬ್ಬಳೇ ಇದ್ದಾಗ ಬೆರಳು ಗುಂಡಿಯ ಮೇಲಿಟ್ಟು ಅತ್ತಿದ್ದೇನೆ. ಆದರೆ ನಾನು ಟೈಪ್ ಮಾಡಿದ್ದನ್ನು ನಿಮ್ಮ ದನಿಯಲ್ಲಿ ಹೇಳಿಸಿಕೊಂಡರೆ ಅದು ನಿಮ್ಮ ಮಾತು ಹೇಗಾಗುತ್ತದೆ? ಆ ದನಿಯಲ್ಲಿ ಮೊದಲನೇ ಮಾತು ನೀವೇ ಆಡಬೇಕು. ಹೇಳದೆ ಕೇಳದೆ ಇಷ್ಟೆಲ್ಲ ಮಾಡಿದ್ದಕ್ಕೆ ನಿಮಗೆ ನನ್ನ ಮೇಲೆ ಸಿಟ್ಟು ಬಂದೇ ಬಂದಿರುತ್ತದೆ. ಕಾಗದದಲ್ಲಿ ಬರೆದು ಕಳಿಸಬೇಡಿ. ಬಂದು ಬೈಯಿರಿ. ಕೇಳಿ ತುಂಬ ದಿನವಾಯಿತು.